ಚೆಕಿಂಗ್ ಟೇಬಲ್ಲು

ಸೊಲ್ಲಾಪುರದ ಅಕ್ಕಲಕೋಟ ರೋಡಿಗೆ
ಟವೆಲ್ ಕಾರಖಾನೆ. ಹದಿನೇಳು ವರ್ಷದಿಂದ
ನನ್ನ ಕೆಲಸ ತಪ್ಪು ಹುಡುಕೂದು.
ಹೊಕ್ಕು ತಪ್ಪಿದ್ದು, ಕುಣಿಕಿ ಎದ್ದದ್ದು,
ಎಣ್ಣಿ ಕಲಿ, ಸೊಟ್ಟ ಅಂಚು.
ಟ್ಯೂಬ್‌ಲೈಟಿನ ಕೆಳಗ ಬಟ್ಟಿ ಹರವಿ
ಅಂಗೈಲೆ ಒಮ್ಮೆ ಸವರಿದ್ರ ಸಾಕು,
ಕಣ್ಣಿಗಿಂತ ಮೊದಲ ಕೈ ಹೇಳ್ತದ.
ತಪ್ಪಿದ್ದಲ್ಲಿ ಕೆಂಪು ದಾರದ ಗಂಟು.
ಆ ಗಂಟಿಗೆ ಎಲ್ಲಾರೂ ಅಂಜತಾರ.
ನಾ ಅಂದ್ರ ಆ ಗಂಟು ಅಂತ
ನನಗೂ ಅನಿಸಿಬಿಟ್ಟಿತ್ತು.

ಸೂಪರ್‌ವೈಜರ್‌ಗಳಿಗೆ ಎರಡು ದಿನದ ಟ್ರೇನಿಂಗು.
ಕಲಿಸಲಿಕ್ಕೆ ಪುಣೆಯಿಂದ ಬಂದಾಕಿ ಕೇತಕಿ,
ನನ್ನ ಹಿರೇ ಮಗಳ ವಯಸ್ಸಿನಾಕಿ.
ಕ್ಯಾಂಟೀನಿನ ಬೆಂಚು ಸರಿಸಿ ಸುತ್ತ ಕೂಡಿಸಿ
ಕಾಗದ ಹಂಚಿದಳು. ಅದರಾಗ ನಾಕು ಮನಿ:
ಬಲ, ಕೊರತಿ, ಅವಕಾಶ, ಅಂಜಿಕಿ.
ಕೊರತಿ ಮನ್ಯಾಗ ಎಲ್ಲಾರೂ ಬರದದ್ದು ಒಂದ:
ಇಂಗ್ಲಿಷ್ ಬರಂಗಿಲ್ಲ.
ನಾನೂ ಅದನ್ನ ಬರದೆ. ಬರದು ಹೊಡದು ಹಾಕಿದೆ.
ಅದು ಕೊರತಿ ಅಲ್ಲ, ನೆವ.

"ನಿಮ್ಮಷ್ಟಕ್ಕ ನೀವು ಮಾತಾಡೂದು ಯಾವ ಭಾಷಾದಾಗ?"
ಮರಾಠಿಯೊಳಗ ಕೇಳಿದಳು.
ಇದೂ ಒಂದು ಪ್ರಶ್ನಿ ಏನು ಅಂತ ನಕ್ಕಿವಿ.
ನಕ್ಕ ಮ್ಯಾಲೆ ನಾ ಲೆಕ್ಕ ಹಾಕಿದೆ.
ಎಣಿಸೂದು ಕನ್ನಡದಾಗ, ಒಂದರಿಂದ ಡಜನ್ ತನಕ.
ಬೈಯೂದು ಮರಾಠಿಯಾಗ.
ಸೇಠ ಬಂದಾಗ ಅಂಜೂದು ತೆಲುಗಿನಾಗ,
ಅವನ ಮಾತು ಅರ್ಧ ತಿಳೀಲಿಕ್ಕರೂ.
ಅಳೂದು?
ಅದಕ್ಕ ಭಾಷಾ ಹುಡುಕಿದೆ, ಸಿಗಲಿಲ್ಲ.
ಕಾಗದದ ಮ್ಯಾಲೆ ಅದಕ್ಕ ಮನಿನೂ ಇರಲಿಲ್ಲ.

ಮರುದಿನ ಅಂದಳು,
ಕೈಕೆಳಗಿನವರನ್ನ ಒಬ್ಬೊಬ್ಬರನ್ನ ಕರಕೊಂಡು ಬರ್ರಿ.
ನಾ ಕರದದ್ದು ಹೊಲಿಗಿ ಸೆಕ್ಷನ್ನಿನ ಹಲೀಮಾನ್ನ.
ಆಕಿ ಮಷೀನಿನ ಬೆಲ್ಟ್ ಹರದು ಖಾಲಿ ಕೂತಿದ್ದಳು,
ಬ್ಯಾರೆ ಕಾರಣ ಇಲ್ಲ.
ಮೂರು ನಿಮಿಷ ಅವರು ಮಾತಾಡಬೇಕಂತ,
ನಾವು ಕೇಳಬೇಕಂತ.
ಬುದ್ಧಿ ಹೇಳಂಗಿಲ್ಲ, ನಡುವ ಬಾಯಿ ಹಾಕಂಗಿಲ್ಲ,
"ಖರೆ, ಆದ್ರ..." ಅನ್ನಂಗೂ ಇಲ್ಲ.

ಮೊದಲ ನಿಮಿಷ ಹಲೀಮಾ ಏನೂ ಅನ್ನಲಿಲ್ಲ.
ಮ್ಯಾಲೆ ಫ್ಯಾನು ಕಟಕಟ.
ಒಳಗ ನನ್ನ ನಾಲಿಗಿ, ಸುಳ್ಳು ಯಾಕ ಹೇಳಲಿ,
ಲಾಳಿ ಆಗಿ ಆ ದಂಡಿಗೆ ಈ ದಂಡಿಗೆ ಓಡತಿತ್ತು.
ಆಮ್ಯಾಲೆ ಆಕಿ, ನೆಲ ನೋಡಕೋತ:
"ಮಹಾನಂದಾಬಾಯಿ, ಹದಿನಾಕನೇ ಮಷೀನಿನ ಬಲ್ಬು
ದೀಪಾವಳಿ ಹಿಂದ ಹೋಗ್ಯದ.
ಸಂಜಿ ಐದರ ಮ್ಯಾಲೆ ಬಿಳಿ ಅರಿವಿ, ಬಿಳಿ ದಾರ
ಕಾಣಂಗಿಲ್ಲ ನನಗ. ಅಂಚು ಸೊಟ್ಟ ಆಗ್ತದ.
ಹೇಳಲಿಕ್ಕೆ ನಿಮ್ಮ ಟೇಬಲ್ಲಿನ ತನಕ ನಾಕು ಸಲ ಬಂದೆ.
ನಾಕೂ ಸಲ ನಿಮ್ಮ ಕೈಯಾಗ ಕೆಂಪು ದಾರ ಇತ್ತು."

ಇನ್ನಾ ಒಂದು ನಿಮಿಷ ಉಳದಿತ್ತು.
ಆಕಿ ಹೇಳೂದು ಮುಗದಿತ್ತು,
ನನಗ ಮಾತಾಡೂ ಹುಕುಂ ಇರಲಿಲ್ಲ.
ಅಷ್ಟು ಉದ್ದನ ನಿಮಿಷ
ನಾ ಯಾವ ಪಾಳಿಯಾಗೂ ದುಡದಿಲ್ಲ.

ಕಡೀಕ ಕೇತಕಿ ಎಲ್ಲಾರನ್ನೂ ಕೇಳಿದಳು, ಏನು ಕಲತಿರಿ?
ತಾಳ್ಮೆ ಅಂದ ಒಬ್ಬ. ಒಗ್ಗಟ್ಟು ಅಂದ ಇನ್ನೊಬ್ಬ.
ಡೈಯಿಂಗಿನ ಗುರುಸಿದ್ಧ ಎದ್ದು ನಿಂತು
ಲೀಡರ್‌ಶಿಪ್ ಅಂದ, ಚಪ್ಪಾಳಿ ಬಿತ್ತು.
ನಾ ಅಂದೆ, "ಬಲ್ಬು."
ಎಲ್ಲಾರೂ ನಕ್ಕರು.
ಆ ಹುಡುಗಿ ನಗಲಿಲ್ಲ. ಬರಕೊಂಡಳು.

ಬಲ್ಬಿನ ರೊಕ್ಕ ಐವತ್ತರ ಒಳಗ.
ಸ್ಟೋರಿನಾಂವಗ ಚೀಟಿ ಬೇಕು, ಚೀಟಿಗೆ ಸಹಿ ಬೇಕು,
ಸಹಿ ಮಾಡಾಂವ ಹೈದರಾಬಾದಿಗೆ ಹೋಗಿದ್ದ.
ಮೂರನೇ ದಿನ ಬಂತು. ಸ್ಟೂಲಿನ ಮ್ಯಾಲೆ ಹತ್ತಿ
ನಾನ ಹಾಕಿದೆ. ಹಲೀಮಾ ಸ್ಟೂಲು ಹಿಡದಿದ್ದಳು.

ಬದಲಾದೆ ಅಂತ ಹೇಳಂಗಿಲ್ಲ ನಾ.
ಕಾಗದದ ಆ ನಾಕು ಮನಿ
ಇನ್ನಾ ಖಾಲಿನ ಅವ, ಬುತ್ತಿ ಚೀಲದಾಗ,
ಶೇಂಗಾಚಟ್ನಿ ಎಣ್ಣಿ ಹತ್ತಿ ಒಂದು ಮನಿ ಮಾಸ್ಯದ.
ಗುರುವಾರ ಮತ್ತ ಸೊಟ್ಟ ಅಂಚು ಸಿಕ್ತು,
ಅದೂ ಹದಿನಾಕನೇ ಮಷೀನಿಂದ.
ಬಾಯಿಗೆ ಮರಾಠಿ ಬಂತು. ಅರ್ಧ ಬೈದೆ.
ಅರ್ಧಕ್ಕ ನಿಂತು, ಟೇಬಲ್ ದಾಟಿ ಹೋಗಿ,
"ಹ್ಯಾಂಗಾತು?" ಅಂತ ಕೇಳಿದೆ.
"ಇವತ್ತಿಂದು ನಂದ ತಪ್ಪು" ಅಂದಳು.
ಇಬ್ಬರಿಗೂ ನಗು ಬಂತು.

ವಾಪಸ ಬಂದು ನೋಡತೀನಿ, ಎಣಿಕಿ ಮರತಿದ್ದೆ.
ಗಂಟು ಹಾಕಿದೆ, ಬಿಡಲಿಲ್ಲ.
ಒಟ್ಟಿದ್ದ ಟವೆಲ್ ಎಲ್ಲಾ ಕೆಳಗ ಇಳಿಸಿ
ಮತ್ತ ಸುರು ಮಾಡಿದೆ,
ಒಂದು.